ತುಕ್ಕು ತೆಗೆದೆ, ಗುರುತು ಬಿಟ್ಟೆ: ಅಪ್ಪನ .315 ರೈಫಲ್

ಸೇನೆಯ ಹಳೇ ರೈಫಲ್ ತಂದು ಮನೆಯಲ್ಲೇ ಸರಿ ಮಾಡುವ ಅಮೆರಿಕದವರ ವಿಡಿಯೋ ನೋಡಿದರೆ ನಮಗೂ ಕೈ ತುರಿಸುತ್ತೆ, ಅಲ್ವಾ? ಇಲ್ಲಿ ಅದು ನಡೆಯಲ್ಲ. ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್‌ನ .303 ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ನನ್ನ ಹತ್ತಿರ ಇರುವುದು ಅದರ ದಾಯಾದಿ, .315. ಅದೇ ಲೀ-ಎನ್‌ಫೀಲ್ಡ್ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂಬದಿ ಮುಚ್ಚುವ ಚಿಲಕ), ತೋಟಾ ಮಾತ್ರ ಬೇರೆ. ಬ್ರಿಟಿಷರಿಗೆ ತಮ್ಮ ಸೇನೆಯ ತೋಟಾ ಇಲ್ಲಿನ ಜನರ ಕೈಗೆ ಸಿಗುವುದು ಬೇಡವಾಗಿತ್ತು, ಹಾಗಾಗಿ ಆಸ್ಟ್ರಿಯಾ ಸೇನೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟಾಗೆ ಹೊಂದುವ ಹಾಗೆ ಶಿಕಾರಿ ರೈಫಲ್ ಮಾಡಿ ಮಾರಿದರು. ನಮ್ಮದು ಬಿಎಸ್ಎ, ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಹಳೇ ಬೈಕಿನವರಿಗೆ ಗೊತ್ತಿರುವ ಅದೇ ಬಿಎಸ್ಎ.

ಅಪ್ಪ ಹೋದ ಮೇಲೆ ವಾರಸುದಾರ ಅಂತ ಲೈಸೆನ್ಸ್ ನನ್ನ ಹೆಸರಿಗಾಯಿತು, ರೈಫಲ್ ಸಕಲೇಶಪುರದ ತೋಟದ ಮನೆಯಿಂದ ಬಸವನಗುಡಿಗೆ ಬಂತು. ಕೈ ಹಾಕುವ ಮುಂಚೆ ಒಂದು ಗೆರೆ ಎಳೆದುಕೊಂಡೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಂತೂ ಸುಮ್ನೆ ಜೈಲಿಗೆ ದಾರಿ. ಹಾಗಾಗಿ ಮರ, ಕೊಳೆ, ಮೇಲಿನ ತುಕ್ಕು ನನ್ನ ಪಾಲು. ಟ್ರಿಗರ್, ಸ್ಪ್ರಿಂಗ್, ಬೋಲ್ಟ್ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಪಾಲು.

ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆ ಅಂತ ಬೆರಳು ಹಾಕಿ ನೋಡಿದ ಮೇಲೇ ಸ್ಕ್ರೂಡ್ರೈವರ್ ಮುಟ್ಟಿದ್ದು. ಬಿಚ್ಚುವಾಗ ಈ ವಂಶದ ರೈಫಲ್‌ಗಳಲ್ಲಿ ಒಂದು ಮುಖ್ಯ ವಿಷಯ ಇದೆ. ಬಟ್ (ಭುಜಕ್ಕೆ ಒತ್ತುವ ಹಿಂದಿನ ಮರ) ಒಳಗೆ ಅದನ್ನು ಬಿಗಿಯುವ ಉದ್ದನೆಯ ಇನ್ನೊಂದು ಬೋಲ್ಟ್ ಇರುತ್ತೆ, ಚಿಲಕದ ಬೋಲ್ಟ್ ಅಲ್ಲ. ಸೇನೆಯ ಹಳೇ ಲೀ-ಎನ್‌ಫೀಲ್ಡ್‌ನಲ್ಲಿ ಅದರ ಚೌಕದ ತುದಿ ಮುಂದಿನ ಮರದ ತಗಡಿನೊಳಗೆ ಕೂತಿರುತ್ತೆ, ಮುಂದಿನ ಮರ ತೆಗೆಯದೇ ಅದನ್ನು ತಿರುಗಿಸಿದರೆ ಮರ ಸೀಳಿಹೋಗುತ್ತೆ. ನಮ್ಮದರಲ್ಲೂ ಹಾಗೇ ಇರಬಹುದು ಅಂತ ಮೊದಲು ಮುಂದಿನ ಮರವನ್ನೇ ಬಿಡಿಸಿದೆ.

ಮರ ಅಕ್ರೋಟಿನದು. ಅದರ ಮೇಲೆ ಯಾರೋ ಬಡಗಿ ಬೀರು ಬಾಗಿಲಿಗೆ ಬಳಿದ ಹಾಗೆ ದಪ್ಪಗೆ ಫ್ರೆಂಚ್ ಪಾಲಿಶ್ ಬಳಿದಿದ್ದ. ಅದು ಅರಗು, ಸ್ಪಿರಿಟ್‌ಗೆ ಕರಗುತ್ತೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಉಜ್ಜುತ್ತಾ ಹೋದರೆ ಕಂದು ಅಂಟು ಎದ್ದು ಬರುತ್ತೆ, ಅದರ ಅಡಿಯಲ್ಲಿ ಮರದ ಗೆರೆಗಳು ಕಾಣಿಸುತ್ತವೆ. ಮರಳು ಕಾಗದ ಮಾತ್ರ ಬೇಡವೇ ಬೇಡ. ಉಜ್ಜಿದರೆ ಮರದ ಮೇಲಿನ ಮುದ್ರೆಗಳು ಹೋಗುತ್ತವೆ, ಮರ ತಗ್ಗಿ ಕಬ್ಬಿಣದ ಅಂಚು ಮೇಲೆದ್ದು ಕೂರುತ್ತೆ. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಹಬೆಗೆ ನಾರು ಉಬ್ಬಿ ಮುಕ್ಕಾಲುಪಾಲು ಮೇಲೆ ಬಂತು. ಬಟ್‌ನ ಬಲಗಡೆ ಜೀಪಿನ ಕಂಬಿಗೆ ತಾಗಿ ತಾಗಿ ಆದ ಒಂದು ಸವೆತ ಇದೆ, ಅದನ್ನು ಬೇಕೆಂದೇ ಹಾಗೇ ಬಿಟ್ಟೆ.

ಮರ ಒಣಗಿದ ಮೇಲೆ ಅಗಸೆ ಎಣ್ಣೆ. ಎಸ್‌.ಪಿ. ರೋಡ್ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಿ. ಅಂಗೈಯಲ್ಲಿ ಸ್ವಲ್ಪವೇ ಹಾಕಿಕೊಂಡು ಬಿಸಿಯಾಗುವ ತನಕ ತಿಕ್ಕಬೇಕು, ಉಳಿದದ್ದನ್ನು ಒರೆಸಬೇಕು, ಒಣಗಿದ ಮೇಲೆ ಮತ್ತೆ. ಜಾಸ್ತಿ ಹಾಕಿದರೆ ಅಂಟಂಟಾಗಿ ಧೂಳು ಹಿಡಿಯುತ್ತೆ. ಮಳೆಗಾಲದಲ್ಲಿ ಇದು ಒಣಗುವುದು ಬಹಳ ನಿಧಾನ, ಬೇಸಿಗೆಯಲ್ಲಿ ಮಾಡಿ. ಇನ್ನೊಂದು, ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗೇ ಬೆಂಕಿ ಹತ್ತಬಹುದು. ನಾನು ತಾರಸಿ ಮೇಲೆ ಹಗ್ಗಕ್ಕೆ ಹರಡಿ ಹಾಕುತ್ತಿದ್ದೆ. "ಸೀರೆ ಪಕ್ಕ ಹಾಕ್ಬೇಡ ಕಣೋ" ಅಂತ ಅಮ್ಮ ದಿನಾ ಕೂಗುತ್ತಿದ್ದರು.

ಕಬ್ಬಿಣಕ್ಕೆ ಕೋವಿ ಎಣ್ಣೆ (ಅಗಸೆ ಎಣ್ಣೆಯಲ್ಲ) ಹಚ್ಚಿ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್, ಅಂದರೆ ತೀರಾ ನವಿರಾದ ಉಕ್ಕಿನ ಎಳೆ. ಪಾತ್ರೆ ತಿಕ್ಕುವ ಉಂಡೆ ಅಲ್ಲ, ಅದು ಗೀರು ಹಾಕುತ್ತೆ. ಹಾಗೇ ಉಜ್ಜುತ್ತಾ ಇದ್ದಾಗ ಮೂರು ಬಂದೂಕು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಬಿಎಸ್ಎ ಮುದ್ರೆ ಕಾಣಿಸಿತು. ಸ್ಕ್ರೂಗಳನ್ನು ಆರ್‌ಒ ನೀರಲ್ಲಿ ಕುದಿಸಿದೆ. ಬೋರ್‌ವೆಲ್ ನೀರಾದರೆ ಬಿಳಿ ಕಲೆ ಕೂರುತ್ತೆ. ಕುದಿಯುವ ನೀರಲ್ಲಿ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತೆ, ಮೇಲಿನ ಪುಡಿ ಒರೆಸಿ ಎಣ್ಣೆ ಹಚ್ಚಿದರೆ ಕಾರ್ಖಾನೆಯ ಬಣ್ಣಕ್ಕೆ ಹತ್ತಿರ ಬರುತ್ತೆ.

ನಳಿಗೆಯ ಒಳಗೂ ಬಿಸಿನೀರೇ. ಹಳೇ ತೋಟಾಗಳ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹಚ್ಚುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಸಿಡಿದ ಮೇಲೆ ಉಪ್ಪು ಉಳಿಯುತ್ತೆ, ಅದು ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತೆ. ಎಣ್ಣೆಗೆ ಉಪ್ಪು ಕರಗಲ್ಲ, ನೀರಿಗೆ ಕರಗುತ್ತೆ. ಸಿಪಾಯಿಗಳು ಲಾಳಿಕೆ ಇಟ್ಟು ಕುದಿಯುವ ನೀರು ಸುರಿಯುತ್ತಿದ್ದದ್ದು ಅದಕ್ಕೇ. ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಬಟ್ಟೆ ಎಳೆದೆ. ಸಣ್ಣ ಸಣ್ಣ ಗುಳಿಗಳು ಉಳಿದವು, ಅವು ಹೋಗಲ್ಲ.

ಕೊನೆಗೆ ರಿಪೇರಿಯವರ ಹತ್ತಿರ ಹೋದೆ. ಮೊದಲ ಮಾತೇ "ಬೋಲ್ಟ್ ನಂಬರ್ ಬಾಡಿ ನಂಬರ್‌ಗೆ ಸೇರುತ್ತಾ ಸಾರ್?" ಅಂತ. ಸೇರುತ್ತಿತ್ತು. ಬೇರೆ ರೈಫಲ್‌ನ ಬೋಲ್ಟ್ ಹಾಕಿದ್ದರೆ ತೋಟಾ ಸರಿಯಾಗಿ ಕೂರದೆ ಅದರ ಹಿಂಭಾಗ ಒಡೆಯಬಹುದು. ಗೇಜ್ ಹಾಕಿ ನೋಡಿ, ಸವೆದಿದ್ದ ಒಂದು ಸ್ಪ್ರಿಂಗ್ ಬದಲಾಯಿಸಿ ಕೊಟ್ಟರು.

ಈಗ ಬೋಲ್ಟ್ ಒಂದು ಕಡೆ, ರೈಫಲ್ ಒಂದು ಕಡೆ, ಎರಡಕ್ಕೂ ಬೀಗ. ರೆಕ್ಸಿನ್ ಕವರ್ ತೇವ ಹಿಡಿಯುತ್ತೆ ಅಂತ ಬಿಸಾಕಿದೆ. ಚುನಾವಣೆ ಬಂದು ಠಾಣೆಗೆ ಒಪ್ಪಿಸಬೇಕಾದರೆ ಹಿಂದಿನ ದಿನವೇ ದಪ್ಪಗೆ ಎಣ್ಣೆ ಬಳಿದು ಕೊಡಿ, ಅಲ್ಲಿ ಯಾರೂ ಒರೆಸಿ ಇಡಲ್ಲ.