ಹೈಡ್ ಒಳಗೆ ಕೂರಲು ನಾನು ಮಾಡಿಸಿಕೊಂಡ ನವಾರಿನ ಸ್ಟೂಲು

ಹಕ್ಕಿ ಫೋಟೋಗೆ ಹೈಡ್, ಅಂದರೆ ಹಕ್ಕಿಗೆ ಕಾಣದಂತೆ ಅವಿತು ಕೂರುವ ಬಲೆಯ ಮರೆ, ಹಾಕುವ ನಮ್ಮಂಥವರು ಸೀಟಿನ ಬಗ್ಗೆ ಯೋಚಿಸುವುದು ಎಲ್ಲಕ್ಕಿಂತ ಕೊನೆಗೆ. ಲೆನ್ಸ್, ಟ್ರೈಪಾಡ್, ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸುವ ಗಿಂಬಲ್ ಹೆಡ್, ಬಲೆ ಎಲ್ಲ ಹೊಂದಿಸಿದ ಮೇಲೆ ಮನೆಯಲ್ಲಿರುವ ಯಾವುದೋ ಪ್ಲಾಸ್ಟಿಕ್ ಸ್ಟೂಲನ್ನು ಬೈಕಿಗೆ ಕಟ್ಟಿಕೊಂಡು ಹೊರಡುತ್ತೇವೆ. ಆದರೆ ಹೈಡ್‌ನಲ್ಲಿ ಕ್ಲಿಕ್ ಮಾಡುವುದು ಸ್ವಲ್ಪ ಹೊತ್ತು, ಕಾಯುವುದೇ ಜಾಸ್ತಿ. ಸೊಂಟ ಹಿಡಿದರೆ ಮೈ ಅಲುಗುತ್ತದೆ. ಮೈ ಅಲುಗಿದರೆ ಬಲೆ ಅಲುಗುತ್ತದೆ. ಬಲೆ ಅಲುಗಿದರೆ ಅಷ್ಟೊತ್ತಿಂದ ಕಾದಿದ್ದ ಮೆಟ್ಟುಗಾಲು ಹಕ್ಕಿ ಆಚೆ ದಡಕ್ಕೆ ಹೊರಟುಹೋಗುತ್ತದೆ. ಎರಡು ಲಕ್ಷದ ಲೆನ್ಸ್ ಏನು ಮಾಡುತ್ತೆ ಹೇಳಿ?

ನಾನು ಮಂಡ್ಯದವನು. ಹೈಡ್ ಹಾಕುವುದು ಹೆಚ್ಚಾಗಿ ಊರ ಕೆರೆಗಳ ಹಿನ್ನೀರಿನಲ್ಲಿ, ಭತ್ತ ಕುಯ್ದ ಗದ್ದೆಯ ಬದುವಿನಲ್ಲಿ, ನಾಲೆ ಏರಿಯ ಕೆಳಗೆ. ರಂಗನತಿಟ್ಟಿಗೆ ಈ ಬರಹ ಅನ್ವಯಿಸಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ಜಾಗ ಅದು, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿಯ ಹಲಗೆಯೇ ಸೀಟು. ಅಂಥ ರಕ್ಷಿತ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೈಡ್ ಹಾಕುವ ಮಾತೇ ಇಲ್ಲ. ಊರ ಕೆರೆಯಾದರೆ ಊರವರನ್ನು ಕೇಳಿ, ಗದ್ದೆಯಾದರೆ ಗದ್ದೆಯವರನ್ನು ಕೇಳಿ. ಗೂಡಿನ ಹತ್ತಿರ ಮಾತ್ರ ಹಾಕಬೇಡಿ.

ಈಗ ವಿಷಯಕ್ಕೆ ಬರೋಣ. ಸೀಟನ್ನು ನೆಲದಿಂದ ಮೇಲಕ್ಕೆ ಅಳೆಯಬೇಡಿ, ಕಣ್ಣಿನಿಂದ ಕೆಳಕ್ಕೆ ಅಳೆಯಿರಿ. ಮೊದಲು ಲೆನ್ಸ್ ಯಾವ ಎತ್ತರದಲ್ಲಿರಬೇಕು ಅಂತ ತೀರ್ಮಾನ ಆಗಬೇಕು. ಆಮೇಲೆ ಕಣ್ಣು ಅಲ್ಲಿಗೆ ಬರುವ ಹಾಗೆ ಸೀಟು. ಅಂಗಡಿಗೆ ಹೋಗಿ ಮೆತ್ತಗಿದೆಯಾ ಅಂತ ಒತ್ತಿ ನೋಡುವುದೆಲ್ಲ ಅದಾದ ಮೇಲಿನ ಕೆಲಸ.

ಅಳೆಯುವುದು ಸುಲಭ. ಮನೆಯಲ್ಲಿ ಗಟ್ಟಿ ಮಣೆಯ ಮೇಲೆ ನೆಟ್ಟಗೆ ಕೂತು, ಮಣೆಯಿಂದ ಕಣ್ಣಿನ ತನಕ ಟೇಪ್ ಹಿಡಿಸಿ. ನನಗೆ 74 ಸೆಂ.ಮೀ. ಬಂತು. ವ್ಯೂಫೈಂಡರ್‌ಗೆ ಕಣ್ಣಿಡಲು ಮುಂದಕ್ಕೆ ಬಾಗಿದರೆ ಅದರಲ್ಲಿ ನಾಲ್ಕೈದು ಸೆಂ.ಮೀ. ಇಳಿಯುತ್ತದೆ. ಅಂದರೆ 45 ಸೆಂ.ಮೀ. ಎತ್ತರದ ಮಾಮೂಲಿ ಸ್ಟೂಲಿನಲ್ಲಿ ಕೂತರೆ ನನ್ನ ಲೆನ್ಸ್ ನೆಲದಿಂದ ಸುಮಾರು 115 ಸೆಂ.ಮೀ. ಮೇಲಿರುತ್ತದೆ. ಮಣೆಯ ಮೇಲೆಯೇ ಕೂತರೆ 80ರ ಆಸುಪಾಸು.

ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಷ್ಟೂ ಫೋಟೋ ಚೆನ್ನ, ನಿಜ. ಆದರೆ ಇಲ್ಲಿ ಒಂದು ಲೆಕ್ಕ ಇದೆ. ಹಕ್ಕಿ 6 ಮೀಟರ್ ದೂರದಲ್ಲಿದ್ದಾಗ ಲೆನ್ಸ್ 120 ಸೆಂ.ಮೀ. ಎತ್ತರದಲ್ಲಿದ್ದರೆ ಅದು ಸುಮಾರು 11 ಡಿಗ್ರಿ ಕೆಳಕ್ಕೆ ನೋಡುತ್ತದೆ. 80ಕ್ಕೆ ಇಳಿಸಿದರೆ ಏಳೂವರೆ ಡಿಗ್ರಿ. ಈ ವ್ಯತ್ಯಾಸ ಫೋಟೋದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದೇ ಹಕ್ಕಿ 20 ಮೀಟರ್ ದೂರ ಇದ್ದರೆ? ಮೂರೂವರೆ ಡಿಗ್ರಿ ಇದ್ದದ್ದು ಎರಡೂ ಕಾಲು ಆಗುತ್ತದೆ ಅಷ್ಟೆ. ಆ ಒಂದು ಡಿಗ್ರಿಗಾಗಿ ಮೂರು ಗಂಟೆ ಮಂಡಿ ಮಡಿಸಿ ಕೂರಬೇಕಾ? ನಾನಂತೂ ಕೂರಲ್ಲ. ಹತ್ತು ಮೀಟರಿಗಿಂತ ಹತ್ತಿರ ಬರುವ ಹಕ್ಕಿಗೆ ತಗ್ಗಿನ ಸೀಟು, ದೂರದ ಹಕ್ಕಿಗೆ ಆರಾಮದ ಸೀಟು.

ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆ ಈ ಮಾತಿಗೆ ಒಳ್ಳೆಯ ಉದಾಹರಣೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಕಡೆಯ ಕೆರೆಗಳಲ್ಲಿ ಕಂಡದ್ದುಂಟು. ಹಗಲಲ್ಲಿ ಅವು ನೀರಿನ ನಡುವೆ, ಇಲ್ಲವೇ ಆಚೆ ದಡದಲ್ಲಿ ಗುಂಪಾಗಿ ಕೂತಿರುತ್ತವೆ. ನಾವು ನೆಲಕ್ಕೆ ಅಂಟಿಕೊಂಡರೆ ಮುಂದಿನ ಜೊಂಡು, ಹುಲ್ಲು ಅಡ್ಡ ಬರುತ್ತದೆ. ಬಿಸಿಲೇರಿದ ಮೇಲೆ ನೆಲದ ಹತ್ತಿರದ ಗಾಳಿ ಕುದಿಯುವ ಹಾಗೆ ನಡುಗಿ ಫೋಕಸ್ಸೂ ಹಾಳು. ಅಂಥ ಕಡೆ ನಾನು ಎತ್ತರದಲ್ಲೇ ಕೂರುತ್ತೇನೆ.

ಏನೇನು ಕೂತು ನೋಡಿದೆ ಅಂತ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಸ್ಟೂಲು ಸದ್ದು ಮಾಡಲ್ಲ, ಅಗ್ಗ. ಆದರೆ ಕೆರೆಯಂಚಿನ ಮೆತ್ತನೆ ಮಣ್ಣಿನಲ್ಲಿ ನಾಲ್ಕು ಕಾಲೂ ಒಂದೊಂದು ಅಳತೆಗೆ ಹೂತುಕೊಳ್ಳುತ್ತವೆ, ಸ್ವಲ್ಪ ಹೊತ್ತಿಗೆ ನಾವು ಓರೆ. ಮಡಚುವ ಮೂರು ಕಾಲಿನ ಸ್ಟೂಲು ತೂಕವೇ ಇಲ್ಲ ಅನ್ನುವಷ್ಟು ಹಗುರ. ಮೂರು ಕಾಲು ಎಂಥ ಅಂಕುಡೊಂಕು ನೆಲದಲ್ಲೂ ಅಲ್ಲಾಡದೆ ನಿಲ್ಲುತ್ತದೆ. ಸೀಟು ಮಾತ್ರ ತ್ರಿಕೋನದ ಬಟ್ಟೆ, ಅರ್ಧ ಗಂಟೆಗೆ ತೊಡೆ ಜೋಮು ಹಿಡಿಯುತ್ತದೆ. ನಡೆದು ನಡೆದು ಮಧ್ಯೆ ಹತ್ತು ನಿಮಿಷ ಕೂರುವವರಿಗೆ ಅದು ಸರಿ.

ಕೈ ಇರುವ ಕ್ಯಾಂಪಿಂಗ್ ಕುರ್ಚಿ ಅಂಗಡಿಯಲ್ಲಿ ಕೂತಾಗ ಸ್ವರ್ಗ. ಹೈಡ್‌ನಲ್ಲಿ ಅಲ್ಲ. ಅದರ ಬೆನ್ನು ಹಿಂದಕ್ಕೆ ವಾಲಿರುತ್ತದೆ, ನಮ್ಮ ಕಣ್ಣು ಮುಂದಿರಬೇಕು. ಲೆನ್ಸ್ ತಿರುಗಿಸುವಾಗ ಮೊಣಕೈ ಕುರ್ಚಿಯ ಕೈಗೆ ಬಡಿಯುತ್ತದೆ. ಪಾಲಿಯೆಸ್ಟರ್ ಬಟ್ಟೆ ಒಂದಿಂಚು ಸರಿದರೂ ಪರಪರ ಅನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಗಲ. ಹೈಡ್ ಒಳಗೆ ಟ್ರೈಪಾಡಿನ ಒಂದು ಕಾಲನ್ನು ಕಿಟಕಿ ಕಡೆಗೆ ಹಾಕಿ, ಉಳಿದೆರಡನ್ನು ನಮ್ಮ ಎಡಬಲಕ್ಕೆ ಇಳಿಬಿಟ್ಟು ನಡುವೆ ಕೂರುತ್ತೇವೆ ಅಲ್ವಾ? ಆ ಎರಡು ಕಾಲಿನ ನಡುವೆ ಈ ಕುರ್ಚಿ ತೂರುವುದೇ ಇಲ್ಲ.

ಆದರೂ ಆ ಕುರ್ಚಿಯನ್ನು ನಾನು ಬಿಸಾಡಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಅದೇ ಸರಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರ, ಆಲ, ಅರಳಿಗಳ ಮೇಲೆಯೇ ಗೂಡು ಕಟ್ಟುತ್ತವೆ. ಜನರ ಓಡಾಟ ಅವಕ್ಕೆ ರೂಢಿ. ಹೈಡೂ ಬೇಡ, ಏನೂ ಬೇಡ. ದೂರದಲ್ಲಿ ಸುಮ್ನೆ ಕುರ್ಚಿ ಹಾಕಿಕೊಂಡು ಮೇಲೆ ನೋಡಬೇಕು. ಮೇಲಕ್ಕೆ ನೋಡುವಾಗ ಬೆನ್ನು ವಾಲಿದ ಕುರ್ಚಿ ಕತ್ತನ್ನು ಉಳಿಸುತ್ತದೆ.

ಇನ್ನೊಂದು, 20 ಲೀಟರಿನ ಪೇಂಟ್ ಬಕೆಟ್. ನಗಬೇಡಿ. ನನ್ನ ಹತ್ತಿರ ಇರುವುದು 38 ಸೆಂ.ಮೀ. ಎತ್ತರ ಇದೆ. ತಳ ಅಗಲವಾದ್ದರಿಂದ ಕೆಸರಿನಲ್ಲಿ ಹೂತುಹೋಗಲ್ಲ. ನೀರು, ತಿಂಡಿ, ಬ್ಯಾಟರಿ, ಮಳೆ ಕವರ್ ಎಲ್ಲ ಒಳಗೆ. ಮುಚ್ಚಳ ಒಂದೇ ನಮ್ಮ ಭಾರ ತಡೆಯಲ್ಲ, ಅದರ ಮೇಲೆ 12 ಮಿ.ಮೀ. ಪ್ಲೈವುಡ್ಡನ್ನು ದುಂಡಗೆ ಕೊಯ್ಸಿ ಕೂರಿಸಬೇಕು. ಒಳಗೆ ಒಂದು ಹಳೇ ಟವೆಲ್ ತುರುಕದಿದ್ದರೆ ನೀರಿನ ಬಾಟಲಿ ತಮಟೆ ಬಾರಿಸುತ್ತದೆ. ಎತ್ತರದ ಕಿಟಕಿ ಇರುವ ಹೈಡ್‌ಗೆ ಇವತ್ತಿಗೂ ನಾನು ಒಯ್ಯುವುದು ಇದನ್ನೇ.

ತಗ್ಗಿನ ಹೈಡ್‌ಗೆ ನನಗೆ ಬೇಕಾದ ಅಳತೆ ಅಂಗಡಿಯಲ್ಲಿ ಸಿಗಲಿಲ್ಲ. ಲೆನ್ಸ್ ನೆಲದಿಂದ ಒಂದು ಮೀಟರಿಗೆ ಬರಬೇಕಿತ್ತು. ಕಣ್ಣಿನಿಂದ ಕೆಳಕ್ಕೆ ಲೆಕ್ಕ ಹಾಕಿದರೆ ಸೀಟು 30 ಅಥವಾ 31 ಸೆಂ.ಮೀ. ಆಗಬೇಕು. ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಮುಕ್ಕಾಲು ಇಂಚಿನ ಕಬ್ಬಿಣದ ಪೈಪಿನ ಎರಡು ಚೌಕಟ್ಟು. ಒಂದರೊಳಗೊಂದು ಕತ್ತರಿ ಹಾಕಿದ ಹಾಗೆ ನಡುವೆ ಬೋಲ್ಟು. ಮೇಲಿನ ಎರಡು ಸರಳುಗಳಿಗೆ ಮಂಚಕ್ಕೆ ಹಾಕುವ ನವಾರಿನ ಪಟ್ಟಿಗಳು. ತೂಕ ಮೂರು ಕಿಲೋ ಹತ್ತಿರ. ಅಲ್ಯೂಮಿನಿಯಂ ಆಗಿದ್ದರೆ ಹಗುರವಾಗುತ್ತಿತ್ತು, ಆದರೆ ಅದನ್ನು ಬೆಸೆಯುವವರು ಎಲ್ಲ ಕಡೆ ಸಿಗಲ್ಲ.

ಮಾಡಿಸುವವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೇಲಿನ ಸರಳುಗಳು ಎಡಕ್ಕೊಂದು ಬಲಕ್ಕೊಂದು ಬರುವ ಹಾಗೆ ಕೂರಬೇಕು. ಮುಂದೊಂದು ಹಿಂದೊಂದು ಬಂದರೆ ಮುಂದಿನ ಸರಳು ತೊಡೆಯ ಕೆಳಗೆ ಒತ್ತಿ ರಕ್ತ ಓಡಾಡಲು ಬಿಡಲ್ಲ, ಕಾಲು ಜೋಮು ಹಿಡಿಯುತ್ತದೆ. ಎಡಬಲಕ್ಕೆ ಇಟ್ಟರೆ ತೊಡೆಯ ಕೆಳಗೆ ಬರೀ ನವಾರು. ಕೆಳಗಿನ ಸರಳುಗಳೂ ಅದೇ ದಿಕ್ಕಿನಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗುತ್ತವೆ. ಭಾರ ನಾಲ್ಕು ಚುಕ್ಕೆಗೆ ಬೀಳದೆ ಎರಡು ಗೆರೆಗೆ ಹಂಚಿಕೊಳ್ಳುತ್ತದೆ, ಹಾಗಾಗಿ ಹೂತುಕೊಳ್ಳುವುದು ಕಡಿಮೆ. ತೀರಾ ಕೆಸರಿದ್ದರೆ ಕೆಳಗೆ ಎರಡು ತುಂಡು ಹಲಗೆ ಹಾಕುತ್ತೇನೆ.

ಎತ್ತರವನ್ನು ನೀವು ಕೂತಿರುವಾಗಲೇ ಅಳೆಯಿಸಿ. ನವಾರು ಭಾರಕ್ಕೆ ಎರಡು ಮೂರು ಸೆಂ.ಮೀ. ಜಗ್ಗುತ್ತದೆ. ಹೊಸದರಲ್ಲಿ ಜಗ್ಗಿದ್ದಕ್ಕಿಂತ ಒಂದು ತಿಂಗಳು ಬಳಸಿದ ಮೇಲೆ ಜಾಸ್ತಿ. ಹಾಗಾಗಿ ಪಟ್ಟಿಯನ್ನು ಹೊಲಿದು ಮುಗಿಸದೆ ಬಕಲ್ ಹಾಕಿಸಿದೆ, ಬೇಕಾದಾಗ ಬಿಗಿ ಮಾಡಬಹುದು. ನವಾರಿನ ಇನ್ನೊಂದು ಗುಣ ಅಂದರೆ ಗಾಳಿ ಆಡುತ್ತದೆ. ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ಆಗುವಷ್ಟರಲ್ಲಿ ಹೈಡ್ ಒಳಗೆ ಬೆವರು ಇಳಿಯುತ್ತಿರುತ್ತದೆ. ಪ್ಲಾಸ್ಟಿಕ್ ಸೀಟಿನ ಕಷ್ಟ ಆಗ ಗೊತ್ತಾಗುತ್ತದೆ.

ಸದ್ದಿನ ವಿಷಯ. ಬೋಲ್ಟಿಗೆ ನೈಲಾನ್ ವಾಷರ್ ಹಾಕಿ, ಬಿಚ್ಚಿಕೊಳ್ಳದ ನಟ್ಟು ಹಾಕಿಸಿ. ಪೈಪು ಪೈಪಿಗೆ ತಾಗುವ ಕಡೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ಹೊಳಪೂ ಮುಚ್ಚುತ್ತದೆ, ಕಿರ್ ಅನ್ನುವುದೂ ನಿಲ್ಲುತ್ತದೆ. ಕೀಲಿಗೆ ನಾನು ಮೇಣದಬತ್ತಿ ತಿಕ್ಕುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಇರುವೆ ಸಾಲು ಹಿಡಿಯುತ್ತದೆ, ಆಮೇಲೆ ಅವು ಸ್ಟೂಲಿನಲ್ಲೇ ನಿಲ್ಲಲ್ಲ. ಪೈಪಿನ ಬಾಯಿಗೆ ರಬ್ಬರ್ ಬುಷ್ ಬೇಕು, ಇಲ್ಲದಿದ್ದರೆ ಕಣಜ ಮನೆ ಮಾಡುತ್ತದೆ. ರಾತ್ರಿ ಫ್ಯಾನ್ ಆರಿಸಿ, ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಎಡಕ್ಕೆ ಬಲಕ್ಕೆ ವಾಲಿ ನೋಡಿ. ಪಕ್ಕದ ಕೋಣೆಯವರಿಗೆ ಕೇಳಿಸಿದರೆ ಕೆರೆಯ ಹಕ್ಕಿಗೂ ಕೇಳಿಸುತ್ತದೆ.

ನನ್ನ ಮಂಡಿಯ ತನಕದ ಎತ್ತರ 43 ಸೆಂ.ಮೀ. ಅಷ್ಟೇ ಎತ್ತರದ ಸೀಟಾದರೆ ಮಂಡಿ ಸರಿಯಾಗಿ ಮಡಚುತ್ತದೆ. 31ಕ್ಕೆ ಇಳಿದಾಗ ಮಂಡಿ ಸೊಂಟಕ್ಕಿಂತ ಮೇಲೆ ಬಂದು ಬೆನ್ನು ಗೂನಾಗುತ್ತದೆ. ಇದಕ್ಕೆ ಎರಡು ಉಪಾಯ ಮಾಡಿದ್ದೇನೆ. ಒಂದು, ಯೋಗ ಮ್ಯಾಟ್ ತುಂಡು ಮಾಡಿ ಸೀಟಿನ ಹಿಂಭಾಗಕ್ಕೆ ಎರಡು ಪದರ, ಮುಂಭಾಗಕ್ಕೆ ಒಂದೇ ಪದರ. ಸೊಂಟ ಸ್ವಲ್ಪ ಮುಂದಕ್ಕೆ ವಾಲಿ ಬೆನ್ನು ತಾನೇ ನೆಟ್ಟಗಾಗುತ್ತದೆ. ಆ ಫೋಮು ನೀರು ಹೀರಲ್ಲ, ಮಂಜು ಬಿದ್ದ ಬೆಳಿಗ್ಗೆಯೂ ಒದ್ದೆ ಕೂರಬೇಕಾಗಿಲ್ಲ. ಎರಡು, ಕಾಲು ಚಾಚಲು ಜಾಗ. ಹೈಡ್‌ನ ಆಳ ಒಂದೂವರೆ ಮೀಟರ್ ಇದ್ದರೆ ಒಂದೊಂದೇ ಕಾಲನ್ನು ಕಿಟಕಿ ಕೆಳಗೆ ಚಾಚಿಕೊಳ್ಳಬಹುದು. ನನ್ನ ಹೈಡ್ ಅಂದರೆ ನರ್ಸರಿಯವರು ಬಳಸುವ ನೆರಳು ಬಲೆ, ಮೇಲೆ ಗೋಣಿಚೀಲ, ನಾಲ್ಕು ಗಳ, ಅಷ್ಟೇ. ಸ್ವಲ್ಪ ದೊಡ್ಡದು ಮಾಡಿದರೆ ಖರ್ಚೇನೂ ಏರಲ್ಲ.

ಬೆನ್ನಿಗೆ ಆಸರೆ ಬೇಕು, ಆದರೆ ಕಾಯುವಾಗ ಮಾತ್ರ. ಕ್ಲಿಕ್ ಮಾಡುವಾಗ ಅದು ಅಡ್ಡಿ. ಅದಕ್ಕೆ ನಮ್ಮ ಹಿರಿಯರು ಜಗಲಿಯ ಮೇಲೆ ಮಾಡುತ್ತಿದ್ದ ಉಪಾಯವೇ ಸಾಕು. ಒಂದು ಉದ್ದನೆ ಟವೆಲ್ ತಗೊಂಡು ಸೊಂಟದ ಹಿಂದಿನಿಂದ ತಂದು ಎರಡೂ ಮಂಡಿಗೆ ಸುತ್ತಿ ಕಟ್ಟಿಕೊಳ್ಳುವುದು. ಮೇಲುಕೋಟೆಯ ಯೋಗಾನರಸಿಂಹನ ಮಂಡಿಗೆ ಪಟ್ಟಿ ಇದೆಯಲ್ಲ, ಹಾಗೆ. ಮಂಡಿಯ ಭಾರ ಬೆನ್ನನ್ನು ಎಳೆದು ಹಿಡಿಯುತ್ತದೆ, ಬೆನ್ನಿನ ಭಾರ ಮಂಡಿಯನ್ನು. ಹಕ್ಕಿ ಬಂದಾಗ ಗಂಟು ಸಡಿಲಿಸಿ ಮುಂದಕ್ಕೆ ಬಾಗಿದರಾಯಿತು. ಎತ್ತರದ ಸ್ಟೂಲಿನಲ್ಲಿ ಇದು ಆಗಲ್ಲ, ಮಂಡಿ ಮೇಲಿರಬೇಕು. ತಗ್ಗಿನ ಸೀಟಿಗೆ ಇರುವ ಒಂದೇ ಸುಖ ಇದು.

ಮಣೆಯ ಮೇಲೆ, ಅಂದರೆ ಹೆಚ್ಚುಕಡಿಮೆ ನೆಲದಲ್ಲೇ ಕೂತು ತೆಗೆಯುವುದು ನನಗೆ ಅಷ್ಟು ಇಷ್ಟವಿಲ್ಲ. ಗದ್ದೆ ಬಯಲಿನಲ್ಲಿ ಇಲಿ ಇವೆ, ಇಲಿ ಇದ್ದ ಕಡೆ ಕೊಳಕುಮಂಡಲ ಇರುತ್ತದೆ. ಕತ್ತಲಲ್ಲಿ ಹೈಡ್ ಹೊಕ್ಕುವಾಗ ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿ, ಕೋಲಿನಿಂದ ಗೋಣಿಚೀಲ ಎತ್ತಿ ನೋಡಿ, ಆಮೇಲೆ ಸ್ಟೂಲು ಇಡಿ. ಕಾಲಿಗೆ ಗಮ್‌ಬೂಟು ಇರಲಿ. ತಿರುಗುವ ಸ್ಕ್ರೀನ್ ಇರುವ ಕ್ಯಾಮೆರಾ ಇದ್ದವರು ಸ್ಟೂಲಿನಲ್ಲೇ ಕೂತು ಲೆನ್ಸ್ ಮಾತ್ರ ಕೆಳಗಿಳಿಸಿ ತೆಗೆಯಬಹುದು. ಐದು ಹತ್ತು ನಿಮಿಷಕ್ಕೆ ಅದು ಚೆನ್ನ, ಅದಕ್ಕಿಂತ ಜಾಸ್ತಿ ಕತ್ತು ತಡೆಯಲ್ಲ.

ಕೊಳ್ಳಿ, ಮಾಡಿಸಿ, ಯಾವುದೇ ಇರಲಿ, ಕೆರೆಗೆ ಒಯ್ಯುವ ಮೊದಲು ಮನೆಯಲ್ಲಿ ಒಂದೂವರೆ ಗಂಟೆ ಕೂತು ನೋಡಿ. ಟ್ರೈಪಾಡ್ ಹಾಕಿ, ಕ್ಯಾಮೆರಾ ಏರಿಸಿ, ಕಿಟಕಿಯಾಚೆ ಯಾವುದಾದರೂ ಕೊಂಬೆಗೆ ಗುರಿಯಿಟ್ಟು. ಫೋನ್ ಪಕ್ಕಕ್ಕಿಡಿ, ಫೋನ್ ಕೈಯಲ್ಲಿದ್ದರೆ ನೋವು ಗೊತ್ತಾಗಲ್ಲ. ಮೊದಲ ಇಪ್ಪತ್ತು ನಿಮಿಷ ಎಲ್ಲ ಸೀಟೂ ಚೆನ್ನಾಗೇ ಇರುತ್ತದೆ. ನಲವತ್ತೈದನೇ ನಿಮಿಷದಿಂದಾಚೆ ಎಲ್ಲಿ ಒತ್ತುತ್ತದೆ ಅಂತ ಗಮನಿಸಿ. ಬಾಲದ ಮೂಳೆ ನೊಂದರೆ ಮೆತ್ತೆ ಸಾಲದು. ತೊಡೆ ಜೋಮು ಹಿಡಿದರೆ ಮುಂದಿನ ಅಂಚು ಗಟ್ಟಿ, ಇಲ್ಲವೇ ಎತ್ತರ ಜಾಸ್ತಿ. ಸೊಂಟ ನೊಂದರೆ ಎತ್ತರ ಕಡಿಮೆ. ಕತ್ತು ನೊಂದರೆ ಸೀಟನ್ನು ಬಯ್ಯಬೇಡಿ, ಟ್ರೈಪಾಡನ್ನು ಒಂದು ಗೇಣು ಏರಿಸಿ ನೋಡಿ.