ಜಾವಾದ ಜಾಮು: ಕುನ್ಯಿತ್ ಅಸಮ್ ತಯಾರಿಸುವ ವಿಧಾನ

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬೇರು, ಗೆಡ್ಡೆ, ತೊಗಟೆ, ಎಲೆಗಳಿಂದ ಸಿದ್ಧಪಡಿಸುವ ಔಷಧೀಯ ಪೇಯಗಳನ್ನು ಜಾಮು ಎನ್ನುತ್ತಾರೆ. ಇವುಗಳಲ್ಲಿ ಅರಿಶಿನ ಮತ್ತು ಹುಣಸೆಹಣ್ಣಿನಿಂದ ಮಾಡುವ ಕುನ್ಯಿತ್ ಅಸಮ್ ಸುಲಭವಾದುದರಿಂದ ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು.

ಒಂದು ಲೀಟರ್ ನೀರಿಗೆ 150 ಗ್ರಾಂ ಹಸಿ ಅರಿಶಿನದ ಕೊಂಬು, 50 ಗ್ರಾಂ ಬೀಜ ತೆಗೆದ ಹುಣಸೆಹಣ್ಣು, 100 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು ಬೇಕು. ಜಾವಾದವರು ತೆಂಗಿನ ನೀರಾವನ್ನು ಕಾಯಿಸಿ ಮಾಡಿದ ಕಂದುಬೆಲ್ಲವನ್ನು ಬಳಸುತ್ತಾರೆ. ಸಕ್ಕರೆ ಹಾಕಿದರೆ ಸಿಹಿ ಬಂದೀತೇ ಹೊರತು ಆ ಬೆಲ್ಲದ ಸೊಗಡು ಬರುವುದಿಲ್ಲ. ಒಣಪುಡಿಯಲ್ಲಿ ಹಸಿ ಕೊಂಬಿನ ಘಮ ಇರುವುದಿಲ್ಲವಾದ್ದರಿಂದ ಅದನ್ನು ನಾನು ಸೂಚಿಸಲಾರೆ.

ಕೊಂಬಿನ ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ಸ್ವಲ್ಪ ನೀರು ಸೇರಿಸಿ ನುಣ್ಣಗೆ ಅರೆಯಬೇಕು. ಇದಕ್ಕಾಗಿ ಜಾವಾದ ಮನೆಗಳಲ್ಲಿ ಪಿಪಿಸಾನ್ ಎಂಬ ಅರೆಯುವ ಕಲ್ಲು ಇರುತ್ತಿತ್ತು, ಮಿಕ್ಸಿಯಾದರೂ ಅಡ್ಡಿಯಿಲ್ಲ. ಉಳಿದ ನೀರಿಗೆ ಬೆಲ್ಲ, ಹುಣಸೆಹಣ್ಣು, ಉಪ್ಪು ಹಾಕಿ ಕುದಿಸಿ, ಬೆಲ್ಲ ಕರಗಿದ ಮೇಲೆ ಅರೆದ ಅರಿಶಿನವನ್ನು ಬೆರೆಸಿ, ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ ಕಾಯಿಸಬೇಕು. ಹುಳಿಯ ಕಾರಣದಿಂದ ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಮಣ್ಣಿನದೋ ಸ್ಟೀಲಿನದೋ ಇರಲಿ. ಆರಿದ ಬಳಿಕ ತೆಳುಬಟ್ಟೆಯಲ್ಲಿ ಹಿಂಡಿ ಸೋಸಿ, ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಬಳಸಬಹುದು. ತಳದಲ್ಲಿ ಗಷ್ಟು ನಿಲ್ಲುವುದು ಸಹಜ, ಕುಡಿಯುವ ಮುನ್ನ ಅಲುಗಿಸಿದರಾಯಿತು.

ಹುಳಿ, ಸಿಹಿಗಳ ಪ್ರಮಾಣವನ್ನು ಕುಡಿಯುವವರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಜಾಮು ಸಂಸ್ಕೃತಿಯ ಜೀವಾಳವೇ ಈ ಹೊಂದಾಣಿಕೆ. ಬಿದಿರಿನ ಬುಟ್ಟಿಯಲ್ಲಿ ಬಾಟಲಿಗಳನ್ನು ಜೋಡಿಸಿ, ಉದ್ದನೆಯ ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡು ಬೆಳಗಿನಲ್ಲೇ ಬೀದಿ ಸುತ್ತುತ್ತ ಹೆಂಗಸರು ಮಾರುವ ಜಾಮುವನ್ನು ಜಾಮು ಗೆಂದೊಂಗ್ ಎಂದು ಕರೆಯುತ್ತಾರೆ. ಮಧ್ಯ ಜಾವಾದ ವೊನೊಗಿರಿ, ಸುಕೊಹಾರ್ಜೊ ಸೀಮೆಗಳಿಂದ ಹೊರಟು ದೂರದ ನಗರಗಳಲ್ಲಿ ಈ ವೃತ್ತಿ ಹಿಡಿದವರು ಬಹಳ ಮಂದಿ. ಗಿರಾಕಿಯ ಮೈ ಹೇಗಿದೆಯೆಂದು ವಿಚಾರಿಸಿ, ಎರಡು ಮೂರು ಬಾಟಲಿಗಳಿಂದ ಬೆರೆಸಿ ಕೊಡುವುದು, ನೆಲಬೇವಿನಂಥ ಕಹಿ ಜಾಮು ಕುಡಿದವರಿಗೆ ಬಾಯಿ ಸರಿಪಡಿಸಲು ಅಕ್ಕಿ ಮತ್ತು ಕೆಂಚೂರ್ ಎಂಬ ಶುಂಠಿ ಜಾತಿಯ ಗೆಡ್ಡೆಯ ಸಿಹಿ ಪೇಯವನ್ನು ನೀಡುವುದು ಅವರ ರೂಢಿ. ಪುಸ್ತಕಕ್ಕಿಂತ ಹೆಚ್ಚಾಗಿ ತಾಯಿಯಿಂದ ಮಗಳಿಗೆ ಕೈಬಳಕೆಯಲ್ಲೇ ದಾಟಿಬಂದ ಈ ವಿದ್ಯೆಯನ್ನು ಯುನೆಸ್ಕೊ 2023ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸಂತೋಷದ ಸಂಗತಿ.

ದಿನಕ್ಕೆ ಒಂದು ಸಣ್ಣ ಲೋಟ ಸಾಕು. ಗರ್ಭಿಣಿಯರು, ಪಿತ್ತಕೋಶದ ಕಲ್ಲು ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವವರು ಮೊದಲು ವೈದ್ಯರನ್ನು ಕೇಳಬೇಕು.