92 ಹಾಕಿದ್ರೆ ಬರೀ ಪಾಸ್!

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿ ಎರಡು ವಾರ ಆಗಿತ್ತಷ್ಟೆ, ಪರ್ಸೆಂಟೇಜ್ ಕೊಟ್ರೆ ಕ್ಲಾಸ್ ಹೇಳೋ ಪುಟ್ಟ ಪ್ರೋಗ್ರಾಂ ಬರೆದಿದ್ದೆ. ನಮ್ ಕಾಲದ ಎಸ್ಸೆಸ್ಸೆಲ್ಸಿ ಥರ 35ಕ್ಕೆ ಪಾಸ್, 50ಕ್ಕೆ ಸೆಕೆಂಡ್ ಕ್ಲಾಸ್, 60ಕ್ಕೆ ಫಸ್ಟ್, 85ಕ್ಕೆ ಡಿಸ್ಟಿಂಕ್ಷನ್. 92 ಹಾಕಿದ್ರೆ ಪಾಸ್ ಅಂತು, 40ಕ್ಕೂ ಪಾಸ್. ಎರರ್ ಬಂದಿದ್ರೆ ಲೈನ್ ನಂಬರ್ ಆದ್ರೂ ಸಿಗ್ತಿತ್ತು, ಇದು ಕಿಮಕ್ ಅನ್ನದೆ ತಪ್ಪು ಉತ್ತರ ಕೊಡ್ತಾ ಕೂತಿತ್ತು.

ಅರ್ಧ ಗಂಟೆ ಸ್ಕ್ರೀನ್ ದಿಟ್ಟಿಸಿ ಸಾಕಾಗಿ, ಒಂದು ಹಾಳೆ ತಗೊಂಡು ನಾನೇ ಪೈಥಾನ್ ಅನ್ಕೊಂಡು 92 ಹಿಡ್ಕೊಂಡು ಮೇಲಿಂದ ಒಂದೊಂದೇ ಸಾಲು ಓದಿದೆ. ಮೊದಲನೇ ಇಫ್‌ನಲ್ಲೇ ('ಹೀಗಿದ್ರೆ' ಅನ್ನೋ ಷರತ್ತು) 92 >= 35, ಅಂದ್ರೆ 92 ಅನ್ನೋದು 35 ಅಥವಾ ಅದಕ್ಕಿಂತ ಹೆಚ್ಚು, ನಿಜ, ಪಾಸ್ ಪ್ರಿಂಟ್ ಆಯ್ತು, ಮುಗೀತು ಕತೆ, ಕೆಳಗಿರೋ ಎಲಿಫ್‌ಗಳ ('ಅದಲ್ಲದೆ ಹೀಗಿದ್ರೆ' ಅನ್ನೋ ಷರತ್ತುಗಳು) ಕಡೆ ಅದು ತಿರುಗಿಯೂ ನೋಡಲ್ಲ. 85, 60, 50, 35 ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ, ಸರಿಹೋಯ್ತು. (ಅದಕ್ಕೂ ಮುಂಚೆ ಜಾಣತನ ಮಾಡಿ ಎಲ್ಲಾ ಎಲಿಫ್‌ನೂ ಇಫ್ ಮಾಡಿ ನೋಡಿದ್ದೆ, ಆಗ 40ಕ್ಕೆ ಪಾಸ್ ಜೊತೆ ಫೇಲೂ ಬಂತು, ಯಾಕಂದ್ರೆ 'ಇಲ್ಲಾಂದ್ರೆ ಫೇಲ್' ಅನ್ನೋ ಎಲ್ಸ್ ಕೊನೇ ಇಫ್‌ಗೆ ಮಾತ್ರ ಅಂಟ್ಕೊಂಡಿರುತ್ತೆ.)

ನಿಜವಾಗ್ಲೂ ತಲೆ ಕೆಡಿಸಿದ್ದು ಇನ್‌ಪುಟ್ ತಗೊಳ್ಳೋಕೆ ಹೋದಾಗ, ಅಂದ್ರೆ ಕೀಬೋರ್ಡ್‌ನಿಂದ ಮಾರ್ಕ್ಸ್ ಕೇಳೋಕೆ ಹೋದಾಗ. ಸ್ಟ್ರಿಂಗ್‌ನ (ಬರೀ ಅಕ್ಷರಗಳ ಸಾಲು, ಟೈಪ್ ಮಾಡಿದ್ದೆಲ್ಲ ಹಾಗೇ ಬರುತ್ತೆ) ನಂಬರ್ ಜೊತೆ ಹೋಲಿಸೋಕಾಗಲ್ಲ ಅಂತ ಟೈಪ್ ಎರರ್ ಬಂತು, ನಾನು ಮಹಾಬುದ್ಧಿವಂತ, 35, 50, 60, 85 ಎಲ್ಲಕ್ಕೂ ಕೋಟ್ಸ್ ಹಾಕ್ಬಿಟ್ಟೆ. ಎರರ್ ಮಾಯ! 72, 48 ಎಲ್ಲಾ ಸರಿಯಾಗೇ ಬಂತು. ಖುಷಿಯಲ್ಲಿ ತಂಗಿಗೆ ತೋರಿಸಿದ್ರೆ ಅವಳು 100 ಹಾಕಿದ್ಲು, ಫೇಲ್. 9 ಹಾಕಿದ್ಲು, ಡಿಸ್ಟಿಂಕ್ಷನ್. "ಅಣ್ಣ, ಇದೂ ನಿನ್ನ ಥರಾನೇ ಲೆಕ್ಕದಲ್ಲಿ ವೀಕು" ಅಂದ್ಲು. ಇಫ್ ಮೇಲ್ಗಡೆ ಟೈಪ್ ಪ್ರಿಂಟ್ ಮಾಡಿ ನೋಡಿದಾಗ ಎಸ್‌ಟಿಆರ್ ಅಂತ ಬಂತು, ಸ್ಟ್ರಿಂಗ್ ಅಂತ ಅರ್ಥ. ಅಂದ್ರೆ ಅದು ಡಿಕ್ಷನರಿಲಿ ಪದ ಜೋಡಿಸಿದ ಹಾಗೆ ಮೊದಲನೇ ಅಕ್ಷರ ನೋಡ್ತಿತ್ತು, 1 ಅನ್ನೋದು 3ಕ್ಕಿಂತ ಮೊದಲು, ಹಾಗಾಗಿ 100 ಚಿಕ್ಕದು. ಕೋಟ್ಸ್ ತೆಗೆದು ಇನ್‌ಪುಟ್‌ಗೆ ಅದನ್ನ ಪೂರ್ಣಾಂಕ ಮಾಡೋ ಇಂಟ್ ಸುತ್ತಿದೆ.

ಆಮೇಲೆ 'ಇನ್ನೊಂದ್ಸಲ ನೋಡ್ಬೇಕಾ' ಅಂತ ಕೇಳೋ ಭಾಗ. ಉತ್ತರ == 'ಹೌದು' ಆರ್ 'ಹೂಂ' ಅಂತ ಬರೆದಿದ್ದೆ (== ಅಂದ್ರೆ ಸಮ, ಆರ್ ಅಂದ್ರೆ ಅಥವಾ), ಬೇಡ ಅಂದ್ರೂ ಬಿಡಲ್ಲ, ಮತ್ತೆ ಮತ್ತೆ ಮಾರ್ಕ್ಸ್ ಕೇಳುತ್ತೆ. ಆ ಕಂಡೀಷನ್ ಒಂದನ್ನೇ ಎತ್ತಿ ಪ್ರಿಂಟ್ ಒಳಗೆ ಹಾಕಿದೆ, ಟ್ರೂ ಅಥವಾ ಫಾಲ್ಸ್ ಬರಬೇಕಾದ ಕಡೆ 'ಹೂಂ' ಅಂತ ಬಂತು! ಖಾಲಿ ಅಲ್ಲದ ಯಾವ ಸ್ಟ್ರಿಂಗ್ ಆದ್ರೂ ಪೈಥಾನ್‌ಗೆ ನಿಜಾನೇ, ಆರ್‌ನ ಎರಡೂ ಕಡೆ ಪೂರ್ತಿ ಹೋಲಿಕೆ ಬರೀಬೇಕು ಅಂತ ಆಗ ತಲೆಗೆ ಹೋಯ್ತು.

ಈಗ ರನ್ ಮಾಡಿದಾಗೆಲ್ಲ 34, 35, 84, 85, 100 ಹಾಕಿ ನೋಡ್ತೀನಿ. ಮೊನ್ನೆ ತಂಗಿ 850 ಹಾಕಿದ್ಲು, ಡಿಸ್ಟಿಂಕ್ಷನ್ ಬಂತು, ಅದನ್ನಿನ್ನೂ ಸರಿ ಮಾಡಿಲ್ಲ.